ಬಿರುಗಾಳಿಗೆ ಮುನ್ನ ಎಚ್ಚರಿಸಿದ ನಾವಿಕ

ನಾಳೆ ಮಳೆಯಾದೀತೇ ಎಂಬ ಪ್ರಶ್ನೆಗೆ ಇಂದು ನಾವು ಮನೆಯಲ್ಲಿ ಕುಳಿತೇ ಉತ್ತರ ಪಡೆಯುತ್ತೇವೆ. ಮುನ್ಸೂಚನೆ ತಪ್ಪಿದರೆ ನಗುತ್ತೇವೆ; ನಿಜವಾದರೆ ಮರೆತುಬಿಡುತ್ತೇವೆ. ಈ ವಿದ್ಯೆಯನ್ನು ಲೋಕದ ಉಪಯೋಗಕ್ಕೆ ತಂದವರಲ್ಲಿ ಅಗ್ರಗಣ್ಯರಾದ ಬ್ರಿಟಿಷ್ ನೌಕಾಧಿಕಾರಿ ರಾಬರ್ಟ್ ಫಿಟ್ಸ್‌ರಾಯ್ ಅವರ ಬಾಳಿನ ಕಥೆಯೂ ಇದೇ ಆಗಿದೆ.

ಫಿಟ್ಸ್‌ರಾಯ್ 1805ರಲ್ಲಿ ಇಂಗ್ಲೆಂಡಿನ ಸಫೋಕ್ ಪ್ರಾಂತದ ಶ್ರೀಮಂತ ಮನೆತನದಲ್ಲಿ ಜನಿಸಿದರು. ಹನ್ನೆರಡರ ಎಳೆಯ ವಯಸ್ಸಿನಲ್ಲೇ ಪೋರ್ಟ್ಸ್‌ಮತ್ತಿನ ನೌಕಾ ವಿದ್ಯಾಲಯವನ್ನು ಸೇರಿದರು. 1828ರಲ್ಲಿ, ದಕ್ಷಿಣ ಅಮೆರಿಕದ ತೀರವನ್ನು ಅಳೆಯುತ್ತಿದ್ದ 'ಬೀಗಲ್' ಹಡಗಿನ ಕಪ್ತಾನನು ಏಕಾಂತದ ಬೇಗೆ ತಾಳಲಾರದೆ ಪ್ರಾಣ ಕಳೆದುಕೊಂಡಾಗ, ಅದರ ಹೊಣೆ ಇಪ್ಪತ್ತಮೂರು ವರ್ಷದ ಈ ತರುಣನ ಹೆಗಲೇರಿತು. ಏಕಾಂತದ ಭಯವನ್ನು ಬಲ್ಲ ಫಿಟ್ಸ್‌ರಾಯ್, 1831ರ ಎರಡನೆಯ ಯಾನಕ್ಕೆ ಸಂಗಾತಿಯೊಬ್ಬನನ್ನು ಬಯಸಿದರು. ಹಾಗೆ ಬಂದವನೇ ಚಾರ್ಲ್ಸ್ ಡಾರ್ವಿನ್. ಐದು ವರ್ಷಗಳ ಆ ಯಾನವು ಡಾರ್ವಿನ್ನರಿಗೆ ಜಗದ್ವಿಖ್ಯಾತಿಯ ಬೀಜವಾಯಿತು. ಕಪ್ತಾನರಿಗೆ ದೊರೆತದ್ದು ಭೂಗೋಳ ಸಂಘದ ಚಿನ್ನದ ಪದಕ ಮತ್ತು ಸ್ವಂತ ಹಣದ ಭಾರೀ ವೆಚ್ಚ.

1843ರಲ್ಲಿ ಅವರು ನ್ಯೂಜಿಲೆಂಡಿನ ರಾಜ್ಯಪಾಲರಾದರು. ವೈರಾವ್ ಎಂಬಲ್ಲಿ ಭೂಮಿಯ ಕಾರಣಕ್ಕೆ ನಡೆದ ಘರ್ಷಣೆಯಲ್ಲಿ ತಪ್ಪು ಬಿಳಿಯ ವಲಸಿಗರದೇ ಎಂದು ತೀರ್ಮಾನಿಸಿ, ಮಾವೋರಿಗಳನ್ನು ದಂಡಿಸಲು ನಿರಾಕರಿಸಿದರು. ವಲಸಿಗರು ಕೆರಳಿದರು. ಬೊಕ್ಕಸ ಬರಿದಾಗಿ ಅಶಾಂತಿ ಹಬ್ಬಿದಾಗ, 1845ರಲ್ಲಿ ಸರಕಾರವು ಅವರನ್ನು ಹಿಂದಕ್ಕೆ ಕರೆಸಿಕೊಂಡಿತು.

1854ರಲ್ಲಿ ಬ್ರಿಟನ್ನಿನ ವ್ಯಾಪಾರ ಮಂಡಲಿಯು ಹವಾಮಾನದ ಅಂಕಿಅಂಶಗಳನ್ನು ಕಲೆಹಾಕಲು ಪುಟ್ಟ ಇಲಾಖೆಯೊಂದನ್ನು ತೆರೆದು ಅವರಿಗೆ ಒಪ್ಪಿಸಿತು. ಕೇವಲ ಲೆಕ್ಕ ಬರೆಯುವುದರಲ್ಲಿ ಅವರಿಗೆ ತೃಪ್ತಿಯಿರಲಿಲ್ಲ. ಮೀನುಗಾರರ ಬಂದರುಗಳಿಗೆ ವಾಯುಭಾರ ಮಾಪಕಗಳನ್ನು ಕೊಡಿಸಿದರು. 1859ರ ಅಕ್ಟೋಬರದಲ್ಲಿ 'ರಾಯಲ್ ಚಾರ್ಟರ್' ಹಡಗು ವೇಲ್ಸ್ ತೀರದಲ್ಲಿ ಒಡೆದು ನಾಲ್ಕುನೂರಕ್ಕೂ ಹೆಚ್ಚು ಜನರು ಮಡಿದರು. ಆಸ್ಟ್ರೇಲಿಯದಿಂದ ಸಾವಿರಾರು ಮೈಲಿ ಸಾಗಿ ಬಂದವರು ಮನೆಯ ಹೊಸ್ತಿಲಲ್ಲೇ ಮುಳುಗಿದರು!

ಬಿರುಗಾಳಿಗಿಂತ ತಂತಿಯ ವೇಗ ಹೆಚ್ಚು ಎಂಬುದೇ ಫಿಟ್ಸ್‌ರಾಯ್ ಕಂಡ ಸರಳ ಸತ್ಯ. ತೀರದ ಠಾಣೆಗಳಿಂದ ಪ್ರತಿದಿನ ಗಾಳಿಯ ವರದಿ ತಂತಿಯ ಮೂಲಕ ಲಂಡನ್ನಿಗೆ ಬರತೊಡಗಿತು. ಅಪಾಯ ಕಂಡರೆ ಬಂದರುಗಳಿಗೆ ಮರುತಂತಿ ಹೋಗುತ್ತಿತ್ತು. ಅಲ್ಲಿ ಎತ್ತರದ ಕಂಬದ ಮೇಲೆ ಶಂಕುವಿನಾಕಾರದ ಸಂಕೇತವನ್ನು ಏರಿಸುತ್ತಿದ್ದರು: ತುದಿ ಮೇಲಾದರೆ ಉತ್ತರದ ಬಿರುಗಾಳಿ, ಕೆಳಗಾದರೆ ದಕ್ಷಿಣದ್ದು. 1861ರ ಫೆಬ್ರವರಿಯಲ್ಲಿ ಎಚ್ಚರಿಕೆಗಳು ಆರಂಭವಾದವು. ಆಗಸ್ಟಿನಲ್ಲಿ ಪತ್ರಿಕೆಯಲ್ಲೂ ಮುನ್ಸೂಚನೆ ಅಚ್ಚಾಯಿತು.

ಆದರೆ ಕೆಲವು ಸೂಚನೆಗಳು ತಪ್ಪಿದವು. ಪತ್ರಿಕೆಗಳು ಹಾಸ್ಯ ಮಾಡಿದವು, ವಿಜ್ಞಾನಿಗಳು ಇದು ಶಾಸ್ತ್ರವಲ್ಲವೆಂದರು. ದೇಹ ಬಳಲಿ, ಹಣ ಕರಗಿ, ಮನಸ್ಸು ಕುಸಿದು, 1865ರ ಏಪ್ರಿಲ್ 30ರಂದು ಫಿಟ್ಸ್‌ರಾಯ್ ತಮ್ಮ ಜೀವಕ್ಕೆ ತಾವೇ ಕೊನೆ ಹಾಡಿಕೊಂಡರು. ಅವರ ಕುಟುಂಬಕ್ಕಾಗಿ ಕೂಡಿಸಿದ ನಿಧಿಗೆ, ಜೀವವಿಕಾಸದ ವಿಷಯದಲ್ಲಿ ಅವರೊಡನೆ ತೀವ್ರ ಭಿನ್ನಾಭಿಪ್ರಾಯವಿದ್ದ ಡಾರ್ವಿನ್ನರೂ ನೂರು ಪೌಂಡು ಕೊಟ್ಟರು.

1866ರಲ್ಲಿ ಎಚ್ಚರಿಕೆಗಳನ್ನು ನಿಲ್ಲಿಸಲಾಯಿತು. ಆಗ ಅವು ಬೇಕೇ ಬೇಕೆಂದು ಕಡಲತೀರದ ಜನರು ಕೂಗೆತ್ತಿದರು. ಮರುವರ್ಷವೇ ಸಂಕೇತಗಳು ಮತ್ತೆ ಕಂಬವೇರಿದವು. ಪಂಡಿತರು ತಪ್ಪುಗಳನ್ನು ಎಣಿಸಿದ್ದರು. ಮೀನುಗಾರರು ಮನೆಗೆ ಮರಳಿದವರನ್ನು ಎಣಿಸಿದ್ದರು. 2002ರಲ್ಲಿ ಬ್ರಿಟನ್ನಿನ ಹವಾಮಾನ ಇಲಾಖೆಯು ಸಾಗರ ವಲಯವೊಂದಕ್ಕೆ 'ಫಿಟ್ಸ್‌ರಾಯ್' ಎಂದು ಹೆಸರಿಟ್ಟಿತು.

ಮುಳುಗಿದ ಹಡಗು ಲೋಕದ ಕಣ್ಣಿಗೆ ಬೀಳುತ್ತದೆ. ಮುಳುಗದೆ ಉಳಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂಗಂಡು ಎಚ್ಚರಿಸುವವರು ಮನೆಯಲ್ಲಿಯೂ ಇರುತ್ತಾರೆ, ಊರಿನಲ್ಲಿಯೂ ಇರುತ್ತಾರೆ. ಅವರ ಮಾತು ಒಮ್ಮೆ ಹುಸಿಯಾದೊಡನೆ ನಗುವುದಕ್ಕೆ ಮುನ್ನ ನಾವು ಈ ನಾವಿಕನನ್ನು ನೆನೆಯುವುದು ಒಳಿತು.