ಕಾಲ ಕೆಳಗಿನ ಭೌತಶಾಸ್ತ್ರ

ಮನೆಯ ಕಾರ್ಯಾಗಾರಕ್ಕೆ ಉಳಿ, ಗರಗಸಗಳನ್ನು ಪರೀಕ್ಷಿಸಿ ಕೊಳ್ಳುವ ನಾವು, ಅಲ್ಲಿ ಸವೆದ ಹವಾಯಿ ಚಪ್ಪಲಿಯನ್ನು ಮೆಟ್ಟಿ ನಿಲ್ಲುವೆವು. ಇದು ವಿವೇಕವೇ?

ಬಲವನ್ನು ಅದು ಬೀಳುವ ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ದೊರೆಯುವುದು. ಗಟ್ಟಿ ನೆಲದ ಮೇಲೆ ಬರಿಗಾಲಿನಲ್ಲಿ ನಿಂತಾಗ ದೇಹದ ಭಾರವು ಬಹುಮಟ್ಟಿಗೆ ಹಿಮ್ಮಡಿ ಮತ್ತು ಮುಂಗಾಲುಗಳ ಮೇಲೆಯೇ ಬೀಳುತ್ತದೆ. ಅಂಗಾಲಿನ ಕಮಾನಿಗೆ ಆಸರೆಯಾಗುವ ಪಾದರಕ್ಷೆಯು ಈ ಭಾರವನ್ನು ಹೆಚ್ಚು ವಿಸ್ತೀರ್ಣಕ್ಕೆ ಹಂಚುತ್ತದೆ, ಒತ್ತಡ ತಗ್ಗುತ್ತದೆ. ಅಟ್ಟೆಯು ಅತಿ ಮೆತ್ತಗಿದ್ದರೂ ಕೇಡೇ. ಪಾದವು ಅದರಲ್ಲಿ ಓಲಾಡುವುದರಿಂದ, ಸಮತೋಲಕ್ಕಾಗಿ ಸ್ನಾಯುಗಳು ದುಡಿದು ದಣಿಯುವುವು. ಮರದ ಪುಡಿ ಚೆಲ್ಲಿದ ನೆಲದಲ್ಲಿ ಘರ್ಷಣೆ ಕಡಿಮೆ. ಆದುದರಿಂದ ಅಟ್ಟೆಯಲ್ಲಿ ಆಳವಾದ ಗೀರುಗಳಿರಲಿ.

ಇನ್ನು ಬೆರಳುಗಳ ರಕ್ಷಣೆ. 1 ಕಿಲೋಗ್ರಾಂ ಸುತ್ತಿಗೆಯು 1 ಮೀಟರ್ ಎತ್ತರದ ಮೇಜಿನಿಂದ ಬಿದ್ದರೆ ಸುಮಾರು 10 ಜೂಲ್ ಶಕ್ತಿಯಿಂದ ಬಡಿಯುವುದು. ಬೆರಳಿನ ಮೂಳೆಗೆ ಅದೇ ಅಪಾಯಕಾರಿ. ಅಂತರರಾಷ್ಟ್ರೀಯ ಮಾನಕದ ಸುರಕ್ಷಾ ಪಾದರಕ್ಷೆಯ ತುದಿಯೊಳಗಿನ ಗಟ್ಟಿ ಕವಚವನ್ನು 200 ಜೂಲ್ ಹೊಡೆತದಿಂದ ಪರೀಕ್ಷಿಸಿರುತ್ತಾರೆ.

ದಿನವೆಲ್ಲ ಓಡಾಡಿದ ಪಾದವು ಸಂಜೆಗೆ ತುಸು ಊದಿಕೊಳ್ಳುತ್ತದೆ. ಆದುದರಿಂದ ಸಂಜೆಯ ಹೊತ್ತು, ಕಾಲುಚೀಲ ಧರಿಸಿ, ಎರಡೂ ಕಾಲಿಗೆ ಹಾಕಿ, ನಾಲ್ಕು ಹೆಜ್ಜೆ ನಡೆದು ನೋಡಿ ಕೊಳ್ಳಿರಿ. ಎಂತಹ ಪಾದರಕ್ಷೆಯಿದ್ದರೂ ಒಂದೇ ಕಡೆ ಅಲುಗದೆ ನಿಲ್ಲಬೇಡಿರಿ. ಹೆಜ್ಜೆಯಿಟ್ಟಾಗಲೇ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ದೂಡುವುವು. ಉಳಿಯನ್ನು ಆರಿಸುವ ಶ್ರದ್ಧೆಯಲ್ಲಿ ಅರ್ಧವಾದರೂ ಕಾಲಿಗೆ ಸಲ್ಲಲಿ.