ಕಾಳಿನೊಳಗಿನ ಕಲ್ಲು: ‘ವಿವೇಕ’ ಎಂಬ ಮಾತಿನ ಅರ್ಥ

‘ವಿವೇಕ’ ಎಂಬುದು ಕನ್ನಡಿಗರ ನಾಲಗೆಯ ಮೇಲೆ ನಿತ್ಯವೂ ಸುಳಿದಾಡುವ ಮಾತು. ಮಕ್ಕಳನ್ನು ಹರಸುವ ಹಿರಿಯರು “ವಿದ್ಯೆಯ ಜೊತೆಗೆ ವಿವೇಕವೂ ಬರಲಿ” ಎನ್ನುತ್ತಾರೆ. ತಪ್ಪು ಮಾಡಿದವನನ್ನು ಗದರಿಸುವವರು “ನಿನಗೆ ವಿವೇಕ ಬೇಡವೇ?” ಎಂದು ಕೇಳುತ್ತಾರೆ. ಸರ್ಕಾರಿ ಕಚೇರಿಯ ಕಡತದಲ್ಲಿ “ಈ ವಿಷಯ ಮೇಲಧಿಕಾರಿಗಳ ವಿವೇಚನೆಗೆ ಬಿಟ್ಟದ್ದು” ಎಂಬ ಒಕ್ಕಣೆ ಇರುತ್ತದೆ. ಇಷ್ಟೆಲ್ಲ ಬಳಕೆಯಲ್ಲಿದ್ದರೂ ಆ ಪದದ ಅರ್ಥವೇನೆಂದು ಕೇಳಿದರೆ ಒಬ್ಬರು ಬುದ್ಧಿ ಎನ್ನುತ್ತಾರೆ, ಮತ್ತೊಬ್ಬರು ತಿಳಿವಳಿಕೆ ಎನ್ನುತ್ತಾರೆ, ಇನ್ನೊಬ್ಬರು ಜಾಣತನ ಎನ್ನುತ್ತಾರೆ. ಈ ಮೂರೂ ವಿವೇಕದ ನೆರೆಹೊರೆಯ ಪದಗಳೇ ಹೊರತು ವಿವೇಕವಲ್ಲ. ಪದದ ಅರ್ಥ ಮಸುಕಾದರೆ ಆ ಪದ ಸೂಚಿಸುವ ಗುಣವೂ ಬದುಕಿನಲ್ಲಿ ಮಸುಕಾಗುತ್ತದೆ. ಆದಕಾರಣ ಈ ಒಂದು ಮಾತನ್ನು ಸ್ವಲ್ಪ ವ್ಯವಧಾನದಿಂದ ವಿಚಾರ ಮಾಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ವಿವೇಕ ಸಂಸ್ಕೃತದಿಂದ ಬಂದ ಪದ. ‘ವಿಚ್’ ಎಂಬ ಧಾತುವಿಗೆ ಬೇರೆ ಮಾಡುವುದು, ಪ್ರತ್ಯೇಕಿಸುವುದು ಎಂದು ಅರ್ಥ. ಅದಕ್ಕೆ ‘ವಿ’ ಎಂಬ ಉಪಸರ್ಗ ಸೇರಿ ವಿವೇಕ ಎಂದಾಗಿದೆ. ಅಂದರೆ ಈ ಪದದ ಮೂಲದಲ್ಲಿ ಕೂಡಿಡುವ ಅರ್ಥವಿಲ್ಲ, ಬೇರ್ಪಡಿಸುವ ಅರ್ಥವಿದೆ. ಕಲೆತುಹೋದ ಎರಡನ್ನು ಬಿಡಿಸಿ, ಇದು ಇದು, ಅದು ಅದು ಎಂದು ಗುರುತಿಸುವ ಶಕ್ತಿಯೇ ವಿವೇಕ. ಆ ಶಕ್ತಿಯನ್ನು ಬಳಸಿ ಪರಿಶೀಲಿಸುವ ಕ್ರಿಯೆ ವಿವೇಚನೆ. ಹಾಲು ನೀರು ಬೆರೆತಿದ್ದರೆ ಹಂಸವು ಹಾಲನ್ನಷ್ಟೇ ಹೀರುತ್ತದೆ ಎಂಬ ಕವಿಸಮಯ ವಿವೇಕಕ್ಕೆ ದೃಷ್ಟಾಂತವಾಗಿ ಬೆಳೆದುಬಂದಿರುವುದು ಈ ಕಾರಣದಿಂದಲೇ.

ಹಂಸವನ್ನು ಕಾಣದವರಿಗೂ ನಮ್ಮ ರೈತನ ಕಣ ಮತ್ತು ತಾಯಂದಿರ ಮೊರ ಇದೇ ಪಾಠವನ್ನು ಹೇಳಿಕೊಡುತ್ತವೆ. ಒಕ್ಕಣೆಯಾದ ಮೇಲೆ ರೈತ ಗಾಳಿ ಬೀಸುವ ಹೊತ್ತು ನೋಡಿ ರಾಶಿಯನ್ನು ತೂರುತ್ತಾನೆ. ಜಳ್ಳು, ಹೊಟ್ಟು ಹಾರಿಹೋಗಿ ಕಾಳು ಬುಡದಲ್ಲಿ ಬೀಳುತ್ತದೆ. ಆಮೇಲೆ ಜರಡಿ ಹಿಡಿಯುತ್ತಾರೆ. ಮಣ್ಣು, ನುಚ್ಚು ಕೆಳಗಿಳಿಯುತ್ತವೆ. ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಮನೆಗೆ ಬಂದ ಧಾನ್ಯವನ್ನು ತಾಯಿ ಮೊರದಲ್ಲಿ ಹರವಿಕೊಂಡು ಕೇರಿ, ಕಲ್ಲು ಆರಿಸುತ್ತಾಳೆ. ಹಗುರವಾದುದನ್ನು ಗಾಳಿ ಬೇರೆ ಮಾಡೀತು, ಸಣ್ಣದನ್ನು ಜರಡಿ ಬೇರೆ ಮಾಡೀತು. ಆದರೆ ಅಕ್ಕಿಯಷ್ಟೇ ಗಾತ್ರದ, ಅಕ್ಕಿಯಂತೆಯೇ ಬೆಳ್ಳಗಿರುವ ಹರಳು ಗಾಳಿಗೂ ಸಿಗದು, ಜರಡಿಗೂ ಸಿಗದು. ಅದಕ್ಕೆ ಕಣ್ಣು ಬೇಕು, ಬೆರಳು ಬೇಕು, ಬೆಳಕಿನಲ್ಲಿ ಕುಳಿತು ನೋಡುವ ತಾಳ್ಮೆ ಬೇಕು. ಅದೂ ಅನ್ನಕ್ಕಿಡುವ ಮೊದಲೇ ಆಗಬೇಕು. ತುತ್ತು ಬಾಯಿಗೆ ಹೋದ ಮೇಲೆ ಕಲ್ಲನ್ನು ಗುರುತಿಸುವುದು ಹಲ್ಲು. ಅದನ್ನು ನಾವು ವಿವೇಕವೆಂದು ಕರೆಯುವುದಿಲ್ಲ, ಪಶ್ಚಾತ್ತಾಪ ಎನ್ನುತ್ತೇವೆ.

ಮನುಷ್ಯನ ಬದುಕಿನಲ್ಲಿಯೂ ಹೀಗೆಯೇ. ಕಳವು ತಪ್ಪು, ಕೊಲೆ ತಪ್ಪು ಎಂದು ತಿಳಿಯಲು ಹೆಚ್ಚಿನ ವಿವೇಕ ಬೇಕಾಗಿಲ್ಲ. ಅದು ಜಳ್ಳಿನಂತೆ ಕಣ್ಣಿಗೆ ಕಾಣುತ್ತದೆ. ವಿವೇಕಕ್ಕೆ ನಿಜವಾದ ಕೆಲಸ ಬೀಳುವುದು ಕಲ್ಲು ಕಾಳಿನ ವೇಷದಲ್ಲಿ ಬಂದಾಗ. ಅಂದರೆ ಸುಳ್ಳು ಸತ್ಯದಂತೆ, ಆಸೆ ಅಗತ್ಯದಂತೆ, ಸ್ವಂತ ಇಷ್ಟ ಕರ್ತವ್ಯದಂತೆ ತೋರುವಾಗ. ಈ ಮೂರನ್ನೂ ಒಂದೊಂದಾಗಿ ನೋಡೋಣ.

ಅದಕ್ಕೆ ಮೊದಲು ವಿವೇಕಕ್ಕೂ ಅದರ ನೆರೆಯ ಪದಗಳಿಗೂ ಇರುವ ಅಂತರವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ತಿಳಿವಳಿಕೆ ಎಂದರೆ ಕಣಜದಲ್ಲಿ ತುಂಬಿದ ಧಾನ್ಯ. ವಿವೇಕ ಎಂದರೆ ಆ ಧಾನ್ಯವನ್ನು ಹಸನು ಮಾಡುವ ಕೈ. 15ನೆಯ ಶತಮಾನದ ನಿಜಗುಣ ಶಿವಯೋಗಿಗಳು ತಮ್ಮ ಕಾಲದ ನಾನಾ ಶಾಸ್ತ್ರಗಳ ವಿಷಯಗಳನ್ನು ಸಂಗ್ರಹಿಸಿ ವಿಶ್ವಕೋಶದಂಥ ಒಂದು ಗದ್ಯಗ್ರಂಥವನ್ನು ಕನ್ನಡದಲ್ಲಿ ರಚಿಸಿದರು. ಅದಕ್ಕೆ ಅವರಿಟ್ಟ ಹೆಸರು ‘ವಿವೇಕಚಿಂತಾಮಣಿ’. ಅಷ್ಟೊಂದು ಅರಿವಿನ ಭಂಡಾರಕ್ಕೆ ‘ಜ್ಞಾನ’ ಎಂಬ ಹೆಸರು ಸಲೀಸಾಗಿ ಒಪ್ಪುತ್ತಿತ್ತು. ಆದರೂ ವಿವೇಕದ ಹೆಸರು ಅದಕ್ಕೆ ಸಂದಿದೆ. ಎಷ್ಟು ತಿಳಿದಿದ್ದರೂ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದು ತಿಳಿಯದಿದ್ದರೆ ಆ ತಿಳಿವಳಿಕೆ ತಲೆಯ ಮೇಲಿನ ಹೊರೆ ಮಾತ್ರ ಎಂಬುದನ್ನು ಆ ಹೆಸರೇ ನೆನಪಿಸುವಂತಿದೆ.

ಜಾಣತನವೂ ವಿವೇಕವಲ್ಲ. ಜಾಣ ತನಗೆ ಲಾಭವಾಗುವ ದಾರಿಯನ್ನು ಹುಡುಕುತ್ತಾನೆ. ವಿವೇಕಿ ಆ ಲಾಭವನ್ನು ತಾನು ತೆಗೆದುಕೊಳ್ಳಬಹುದೇ ಎಂದು ಕೇಳಿಕೊಳ್ಳುತ್ತಾನೆ. ಇನ್ನು ಅಂಜಿಕೆಯಂತೂ ವಿವೇಕವಲ್ಲವೇ ಅಲ್ಲ. ತೀರ್ಮಾನ ಮಾಡಲಾರದೆ ದಿನ ದೂಡುವವರನ್ನು ಕಂಡು ನಮ್ಮ ಜನ “ಅಳೆದೂ ಸುರಿದೂ” ಎಂಬ ಮಾತನ್ನು ಬಳಸುತ್ತಾರೆ. ಅಳೆಯುವುದು ಒಳ್ಳೆಯದೇ. ಅಳೆದುದನ್ನು ಮತ್ತೆ ರಾಶಿಗೇ ಸುರಿಯುತ್ತಿದ್ದರೆ ಮನೆಗೆ ಕಾಳು ಬರುವುದೆಂದು? ಬೇರ್ಪಡಿಸಿದ ಮೇಲೆ ಒಂದನ್ನು ಆರಿಸಿಕೊಂಡು ನಡೆಯುವುದೂ ವಿವೇಕದ ಭಾಗವೇ.

ಈಗ ಮೊದಲನೆಯದು, ಸತ್ಯದಂತೆ ತೋರುವ ಸುಳ್ಳು. ಪಂಚತಂತ್ರದ ಮುಂಗುಸಿಯ ಕಥೆಯನ್ನು ಬಾಲ್ಯದಲ್ಲಿ ಕೇಳದವರಿಲ್ಲ. ತೊಟ್ಟಿಲ ಮಗುವನ್ನು ಹಾವಿನಿಂದ ಕಾಪಾಡಿದ ಮುಂಗುಸಿ ರಕ್ತ ಮೆತ್ತಿದ ಬಾಯಿಯೊಡನೆ ಬಾಗಿಲಿಗೆ ಬರುತ್ತದೆ. ಮಗುವನ್ನೇ ಕೊಂದಿದೆಯೆಂದು ತಿಳಿದು ಮನೆಯವರು ಅದನ್ನು ಕೊಲ್ಲುತ್ತಾರೆ. ಒಳಗೆ ಹೋಗಿ ನೋಡಿದರೆ ಮಗು ನಗುತ್ತಿದೆ, ಹಾವು ಸತ್ತುಬಿದ್ದಿದೆ. ಸಂಸ್ಕೃತ ಪಂಚತಂತ್ರದಲ್ಲಿ ಈ ಕಥೆ ಬರುವ ತಂತ್ರದ ಹೆಸರು ‘ಅಪರೀಕ್ಷಿತಕಾರಕ’, ಅಂದರೆ ಪರೀಕ್ಷಿಸದೆ ಮಾಡಿದ ಕೆಲಸ. ಅವರು ಕಂಡದ್ದು ಸುಳ್ಳಲ್ಲ. ರಕ್ತ ನಿಜವಾಗಿಯೂ ಇತ್ತು. ಕಂಡದ್ದನ್ನೂ ತಾವು ಊಹಿಸಿದ್ದನ್ನೂ ಬೇರ್ಪಡಿಸಲಿಲ್ಲ ಎಂಬುದೇ ಅವರ ತಪ್ಪು. “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂಬ ಗಾದೆ ಹುಟ್ಟಿದ್ದು ಇಂಥ ನೋವಿನಿಂದಲೇ ಇರಬೇಕು.

ಇದು ಬರಿಯ ಕಥೆಯೆಂದು ತಳ್ಳಿಹಾಕುವಂತಿಲ್ಲ. 2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ನಡೆದುದನ್ನು ನೆನೆಯಿರಿ. ಕಾರಿನಲ್ಲಿ ಬಂದ ಕೆಲವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರ ಬಗೆಗಿನ ವದಂತಿಗಳು ಆಗ ಮೊಬೈಲುಗಳಲ್ಲಿ ಹರಿದಾಡುತ್ತಿದ್ದವು. ಇವರೇ ಆ ಕಳ್ಳರು ಎಂಬ ಸಂದೇಶ ವಾಟ್ಸಾಪ್ ಮೂಲಕ ಊರಿಂದೂರಿಗೆ ಹಬ್ಬಿತು. ಮುರ್ಕಿಯಲ್ಲಿ ಸೇರಿದ ಗುಂಪು ಅವರ ಮೇಲೆ ಎರಗಿತು. ಹೈದರಾಬಾದಿನ ಯುವ ತಂತ್ರಜ್ಞನೊಬ್ಬ ಪ್ರಾಣ ಕಳೆದುಕೊಂಡ, ಜೊತೆಗಿದ್ದವರು ಗಾಯಗೊಂಡರು. ಮಕ್ಕಳನ್ನು ರಕ್ಷಿಸುತ್ತಿದ್ದೇವೆಂದೇ ಆ ಜನ ನಂಬಿದ್ದರು. ಚಾಕೊಲೇಟ್ ಕೊಟ್ಟದ್ದು ನಿಜ, ಕಳ್ಳರೆಂಬುದು ಊಹೆ. ಈ ಎರಡರ ನಡುವೆ ಒಂದು ಗಳಿಗೆ ನಿಂತು ಪ್ರಶ್ನೆ ಕೇಳುವವರ ಮಾತು ನಡೆದಿದ್ದರೆ ಒಂದು ಜೀವ ಉಳಿಯುತ್ತಿತ್ತು. ಶರಣರು ಕೂಡಿ ಕುಳಿತು ಪ್ರಶ್ನೋತ್ತರದಿಂದ ಸತ್ಯವನ್ನು ಶೋಧಿಸಿದ ಕಲ್ಯಾಣ ಇರುವುದು ಅದೇ ಬೀದರ್ ಜಿಲ್ಲೆಯಲ್ಲಿ ಎಂಬುದನ್ನು ನೆನೆದಾಗ ನಮ್ಮ ಮನಸ್ಸು ಮತ್ತಷ್ಟು ಭಾರವಾಗುತ್ತದೆ. “ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು” ಎನ್ನುವವರ ಕೈಗೆ ಇಂದು ಸಾವಿರಾರು ಮಂದಿಗೆ ಒಮ್ಮೆಗೇ ಸುದ್ದಿ ಮುಟ್ಟಿಸುವ ಸಾಧನ ಬಂದಿದೆ. ಬೆರಳು ಒತ್ತುವ ಮೊದಲು ಕಲ್ಲು ಆರಿಸುವ ಹೊಣೆ ಆ ಬೆರಳಿನದೇ.

ಎರಡನೆಯದು, ಅಗತ್ಯದಂತೆ ತೋರುವ ಆಸೆ. ಇದಕ್ಕೆ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಿಂತ ಮಿಗಿಲಾದ ನಿದರ್ಶನ ನಮಗೆ ತೋರದು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ಶರಣರ ಕಾಯಕ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದ. ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ನಿತ್ಯದ ದಾಸೋಹಕ್ಕೆ ಬೇಕಾದಷ್ಟನ್ನು ಉಳಿಸಿ ಮಿಕ್ಕುದನ್ನು ಆಯ್ದ ಜಾಗದಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದಳು ಎಂದು ಶರಣ ಪರಂಪರೆ ಹೇಳುತ್ತ ಬಂದಿದೆ.

ಇಲ್ಲಿ ಸೂಕ್ಷ್ಮವಾದ ಒಂದು ಸಂಗತಿಯಿದೆ. ಮಾರಯ್ಯ ಕದ್ದಿರಲಿಲ್ಲ, ಬೇಡಿರಲಿಲ್ಲ, ಯಾರನ್ನೂ ವಂಚಿಸಿರಲಿಲ್ಲ. ತಂದ ಅಕ್ಕಿ ದಾಸೋಹಕ್ಕೇ ಸಲ್ಲುವಂಥದು. ಸಾಮಾನ್ಯರ ಕಣ್ಣಿಗೆ ಅದರಲ್ಲಿ ದೋಷವೇ ಕಾಣದು. ಆದರೆ ‘ಇಂದಿಗೆ ಬೇಕಾದದ್ದು’ ಮತ್ತು ‘ಸಿಕ್ಕಿತೆಂದು ತಂದದ್ದು’ ಎರಡೂ ಒಂದೇ ಗಂಟಿನಲ್ಲಿ ಬೆರೆತಿದ್ದವು. ಒಂದೇ ಬಣ್ಣದ ಆ ಎರಡನ್ನು ಬೇರ್ಪಡಿಸಿದ ಕಣ್ಣು ಲಕ್ಕಮ್ಮನದು. ಗಮನಿಸಬೇಕಾದ ಇನ್ನೊಂದು ಮಾತೆಂದರೆ ಮಾರಯ್ಯ ಆ ಮಾತಿಗೆ ಕಿವಿಗೊಟ್ಟ. ತನ್ನ ಮೊರವನ್ನು ಇನ್ನೊಬ್ಬರು ನೋಡಿ ಕಲ್ಲು ತೋರಿಸಿದಾಗ ಸಿಟ್ಟಾಗದೆ ಒಪ್ಪಿಕೊಳ್ಳುವುದೂ ವಿವೇಕ. ಮಗಳ ಮದುವೆಗೆ ಊರೆಲ್ಲ ಮೆಚ್ಚುವಂತೆ ಛತ್ರ, ಊಟ, ಒಡವೆ ಆಗಲೇಬೇಕೆಂದು ಹೊಲ ಒತ್ತೆಯಿಟ್ಟು ಆಮೇಲೆ ಮಠಕ್ಕೆ ಬಂದು ಕಣ್ಣೀರಿಡುವ ತಂದೆಯಂದಿರಿದ್ದಾರೆ. ವಿಚಾರಿಸಿದರೆ ಬಹುತೇಕ ಮನೆಗಳಲ್ಲಿ “ಇಷ್ಟು ಬೇಡ” ಎಂದು ಮೊದಲೇ ಹೇಳಿದ ಒಬ್ಬ ಲಕ್ಕಮ್ಮ ಇದ್ದೇ ಇರುತ್ತಾಳೆ. ಕೇಳುವ ಮಾರಯ್ಯ ಇರುವುದಿಲ್ಲ.

ಮೂರನೆಯದು, ಕರ್ತವ್ಯದಂತೆ ತೋರುವ ಸ್ವಂತ ಇಷ್ಟ. ಅಧಿಕಾರ ಉಳ್ಳವರ ವಿಷಯದಲ್ಲಿ ಇದು ಹೆಚ್ಚು ಅನ್ವಯಿಸುತ್ತದೆ. ಕಾನೂನಿನ ಭಾಷೆಯಲ್ಲಿ ‘ವಿವೇಚನಾಧಿಕಾರ’ ಎಂಬ ಪದವಿದೆ. ಇದನ್ನು ‘ಇಷ್ಟ ಬಂದಂತೆ ಮಾಡುವ ಅಧಿಕಾರ’ ಎಂದು ತಿಳಿದವರು ಬಹಳ. ಪದವೇ ಹಾಗೆ ಹೇಳುವುದಿಲ್ಲ. ಅದು ವಿವೇಚಿಸುವ, ಅಂದರೆ ಸಂಗತಿಗಳನ್ನು ಬಿಡಿಸಿ ತೂಗಿ ನೋಡುವ ಅಧಿಕಾರ. ಇಷ್ಟವನ್ನು ಬದಿಗಿಟ್ಟು ಕಾರಣಗಳನ್ನು ನೋಡು ಎಂದು ವಿಧಿಸುವ ಪದ ಅದು.

ಈ ಸಂದರ್ಭದಲ್ಲಿ ನಮ್ಮ ನಾಡಿನಿಂದಲೇ ಹೊರಟ ಒಂದು ಮೊಕದ್ದಮೆಯನ್ನು ಸ್ಮರಿಸಬಹುದು. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಲಾಯಿತು. ಕೆಲವು ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆಂಬ ಪತ್ರಗಳು ರಾಜ್ಯಪಾಲರ ವರದಿಗೆ ಆಧಾರವಾಗಿದ್ದವು. ಸದನದಲ್ಲಿ ಬಹುಮತ ಸಾಬೀತುಪಡಿಸಲು ಸಿದ್ಧವೆಂದು ಮುಖ್ಯಮಂತ್ರಿಗಳು ಹೇಳಿದರೂ ಅದಕ್ಕೆ ಅವಕಾಶ ದೊರೆಯಲಿಲ್ಲ. 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು ತೀರ್ಪು ನೀಡಿ, ಸರ್ಕಾರದ ಬಹುಮತವು ಪರೀಕ್ಷೆಯಾಗಬೇಕಾದ ಸ್ಥಳ ಸದನವೇ ಹೊರತು ಯಾವುದೇ ವ್ಯಕ್ತಿಯ ಸ್ವಂತ ಅಭಿಪ್ರಾಯವಲ್ಲ ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಪಕ್ಷಪಂಗಡಗಳ ಮಾತು ಹಾಗಿರಲಿ. ಪರೀಕ್ಷಿಸಲು ಸಾಧ್ಯವಿರುವುದನ್ನು ಪರೀಕ್ಷಿಸದೆ ತೀರ್ಮಾನಿಸಬಾರದು ಎಂಬ ಪಾಠ ರಾಜಭವನಕ್ಕೆ ಅನ್ವಯಿಸುವಂತೆ ಗ್ರಾಮ ಪಂಚಾಯಿತಿಗೂ, ಸಹಕಾರ ಸಂಘಕ್ಕೂ, ನಾಲ್ಕು ಮಂದಿಗೆ ಹಿರಿಯನೆನಿಸಿಕೊಂಡ ಮನೆಯ ಯಜಮಾನನಿಗೂ, ಕಾವಿ ತೊಟ್ಟು ಪೀಠದಲ್ಲಿ ಕುಳಿತವರಿಗೂ ಅನ್ವಯಿಸುತ್ತದೆ.

ವಿವೇಕವೆಂದರೆ ಬೇರ್ಪಡಿಸಿ ನೋಡುವುದಷ್ಟೇ ಅಲ್ಲ, ಸಲ್ಲದ್ದನ್ನು ಬಿಡುವುದೂ ಹೌದು. ಜೈನರ ತತ್ತ್ವಾರ್ಥಸೂತ್ರದಲ್ಲಿ ಪ್ರಾಯಶ್ಚಿತ್ತದ ಬಗೆಗಳನ್ನು ಎಣಿಸುವಾಗ ವಿವೇಕವನ್ನೂ ಅವುಗಳಲ್ಲಿ ಒಂದಾಗಿ ಹೇಳಿದೆ. ತನಗೆ ಸಲ್ಲದ ಅನ್ನಪಾನಾದಿಗಳು ಬೆರೆತುಬಂದಿದ್ದರೆ ಅವನ್ನು ಬೇರ್ಪಡಿಸಿ ತ್ಯಜಿಸುವುದು ಅಲ್ಲಿಯ ಅರ್ಥ. ಲಕ್ಕಮ್ಮ ಮಾಡಿಸಿದ್ದೂ ಇದನ್ನೇ ಅಲ್ಲವೇ? ಕಲ್ಲನ್ನು ಗುರುತಿಸಿ ಮತ್ತೆ ಮೊರದಲ್ಲಿಯೇ ಇಟ್ಟರೆ ಆರಿಸಿದ ಫಲವೇನು?

ಕೊನೆಯದಾಗಿ ಬಳಕೆಯ ಬಗ್ಗೆ ಒಂದು ಮಾತು. ಇಂದು ‘ವಿವೇಕಿ’ ಎಂಬ ಮಾತಿಗಿಂತ ‘ಅವಿವೇಕಿ’ ಎಂಬ ಬೈಗುಳವೇ ಹೆಚ್ಚು ಕೇಳಿಬರುತ್ತದೆ. ಸಭೆಯಲ್ಲಾಗಲಿ ಮನೆಯಲ್ಲಾಗಲಿ ತಮ್ಮ ಮಾತಿಗೆ ಒಪ್ಪದವರೆಲ್ಲ ಅವಿವೇಕಿಗಳು. ವ್ಯಕ್ತಿಯ ಒಂದು ತಪ್ಪನ್ನೂ ಇಡೀ ವ್ಯಕ್ತಿಯನ್ನೂ ಬೇರ್ಪಡಿಸದೆ ಆಡುವ ಆ ಮಾತೇ ಅವಿವೇಕ. ವಿವೇಕವನ್ನು ಇತರರನ್ನು ಅಳೆಯುವ ಕೊಳಗವನ್ನಾಗಿ ಮಾಡಿಕೊಳ್ಳದೆ, ನಮ್ಮ ಕಾಳನ್ನು ಹಸನು ಮಾಡುವ ಮೊರವನ್ನಾಗಿ ಇಟ್ಟುಕೊಳ್ಳಬೇಕು. ಸುದ್ದಿ ಬಂದಾಗ “ಇದರಲ್ಲಿ ಕಂಡದ್ದೆಷ್ಟು, ಊಹಿಸಿದ್ದೆಷ್ಟು?” ಖರ್ಚಿಗೆ ಕೈಹಾಕುವಾಗ “ಇದರಲ್ಲಿ ಬೇಕಾದದ್ದೆಷ್ಟು, ಬಯಸಿದ್ದೆಷ್ಟು?” ತೀರ್ಪು ಹೇಳುವಾಗ “ಇದರಲ್ಲಿ ನ್ಯಾಯವೆಷ್ಟು, ನನ್ನ ಇಷ್ಟವೆಷ್ಟು?” ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲು ಪಾಂಡಿತ್ಯ ಬೇಡ, ಒಂದು ಗಳಿಗೆಯ ಬಿಡುವು ಸಾಕು. ಆ ಗಳಿಗೆಯನ್ನು ಪ್ರತಿದಿನ ಮಕ್ಕಳ ಎದುರಿನಲ್ಲಿಯೇ ತೆಗೆದುಕೊಳ್ಳುವ ತಂದೆತಾಯಿಯರ ಮನೆಯಲ್ಲಿ, ವಿವೇಕ ಬರಲಿ ಎಂದು ಹರಸುವ ಹಿರಿಯರ ಮಾತು ಫಲಿಸುತ್ತದೆ.