ಉದುರಿದ ಗರಿ, ಕಿತ್ತ ಗರಿ

ನವಿಲುಗರಿ ಕೈಗೆ ಸಿಕ್ಕರೆ ಎಲ್ಲರ ದೃಷ್ಟಿಯೂ ಮೊದಲು ಹೋಗುವುದು ಅದರ ಕಣ್ಣಿನ ಮೇಲೆ. ಬುಡ ತಿರುಗಿಸಿ ನೋಡುವವರು ಅರಣ್ಯ ಇಲಾಖೆಯವರು. ತಾನಾಗಿ ಉದುರಿದ ಗರಿಯ ಬುಡ ಒಣಗಿ ಚೊಕ್ಕಟವಾಗಿರುತ್ತದೆ. ಹಕ್ಕಿಯ ಮೈಯಿಂದ ಕಿತ್ತದ್ದಾದರೆ ಅಲ್ಲಿ ರಕ್ತದ, ಚರ್ಮದ ಗುರುತು ಉಳಿದಿರಬಹುದು. ಪ್ರಯೋಗಾಲಯದಲ್ಲಿ ಅದು ಸಿಕ್ಕಿಬೀಳುತ್ತದೆ. ಹಾಗಾಗಿಯೇ ಬುಡ ಕತ್ತರಿಸಿ ಮಾರುವ ಜಾಣರೂ ಇದ್ದಾರೆ.

ಜಗತ್ತಿನ ಪುರಾಣಗಳಲ್ಲಿ, ಆಚರಣೆಗಳಲ್ಲಿ ಗರಿ ಏನನ್ನು ಸೂಚಿಸುತ್ತದೆ ಎಂದು ಪಟ್ಟಿ ಮಾಡಹೊರಟರೆ ಸತ್ಯ, ರಾಜತ್ವ, ಶೌರ್ಯ, ಪ್ರೇಮ, ವೈರಾಗ್ಯ ಎಂದು ಅದು ಬೆಳೆಯುತ್ತಲೇ ಹೋಗುತ್ತದೆ. ಆ ಪಟ್ಟಿಗಿಂತ ಕುತೂಹಲದ್ದು ಇನ್ನೊಂದು ಪ್ರಶ್ನೆ: ಗರಿ ಮನುಷ್ಯನ ಕೈಗೆ ಬಂದ ದಾರಿ ಯಾವುದು? ಆಚರಣೆಯ ಆಯುಷ್ಯವನ್ನೂ ಹಕ್ಕಿಯ ಆಯುಷ್ಯವನ್ನೂ ನಿರ್ಧರಿಸಿದ್ದು ಬಹುಮಟ್ಟಿಗೆ ಆ ದಾರಿಯೇ.

ಕೊಟ್ಟ ಗರಿ, ತೂಗಿದ ಗರಿ

ಮಹಾಭಾರತದ ಆದಿಪರ್ವದಲ್ಲಿ ಒಂದು ಪ್ರಸಂಗವಿದೆ. ತಾಯಿ ವಿನತೆಯ ದಾಸ್ಯ ಬಿಡಿಸಲು ಗರುಡ ಅಮೃತ ಹೊತ್ತು ಹಾರುತ್ತಿದ್ದಾನೆ. ಇಂದ್ರ ವಜ್ರಾಯುಧ ಬೀಸುತ್ತಾನೆ. ಗರುಡನಿಗೆ ಅದರಿಂದ ನೋವೇ ಆಗುವುದಿಲ್ಲ. ಆದರೂ ಅವನು ನಕ್ಕು, ಯಾರ ಎಲುಬಿನಿಂದ ಈ ವಜ್ರವಾಯಿತೋ ಆ ಋಷಿಗೂ ವಜ್ರಕ್ಕೂ ಇಂದ್ರನಿಗೂ ಮರ್ಯಾದೆ ಸಲ್ಲಿಸುವೆನೆಂದು ಒಂದೇ ಒಂದು ಗರಿಯನ್ನು ಉದುರಿಸುತ್ತಾನೆ. ಅದರ ಚೆಲುವು ಕಂಡವರು ಅವನನ್ನು ಸುಪರ್ಣ ಎಂದು ಕರೆದರಂತೆ. ಗೆದ್ದವನು ಸೋತವನ ಮಾನ ಕಾಯಲು ತಾನೇ ಬಿಟ್ಟುಕೊಟ್ಟ ಗರಿ ಅದು.

ಪ್ರಾಚೀನ ಈಜಿಪ್ಟಿನವರ ಗರಿ ಇರುವುದು ತಕ್ಕಡಿಯಲ್ಲಿ. ಸತ್ತವನ ಹೃದಯ ಒಂದು ತಟ್ಟೆಯಲ್ಲಿ, ಸತ್ಯ ಮತ್ತು ನ್ಯಾಯದ ದೇವತೆ ಮಾತ್‌ಳ ಉಷ್ಟ್ರಪಕ್ಷಿಯ ಗರಿ ಇನ್ನೊಂದರಲ್ಲಿ. ನರಿಮೊಗದ ಅನೂಬಿಸ್ ತೂಗುತ್ತಾನೆ, ಥೋತ್ ಲೆಕ್ಕ ಬರೆದುಕೊಳ್ಳುತ್ತಾನೆ. ಹೃದಯ ಭಾರವಾಯಿತೋ, ಮೊಸಳೆಯ ತಲೆಯ ಅಮ್ಮಿತ್ ಅದನ್ನು ನುಂಗಿಬಿಡುತ್ತಾಳೆ. ಕ್ರಿ.ಪೂ. 13ನೇ ಶತಮಾನದ ಹುನೆಫರ್‌ನ ಪಪೈರಸ್‌ನಲ್ಲಿರುವ ಈ ಚಿತ್ರ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಹಾರುವ ಹಕ್ಕಿಗಳ ರೆಕ್ಕೆಗರಿಯಲ್ಲಿ ದಂಟಿನ ಒಂದು ಬದಿ ಕಿರಿದು, ಇನ್ನೊಂದು ಬದಿ ಅಗಲ. ಹಾರದ ಉಷ್ಟ್ರಪಕ್ಷಿಯ ಗರಿಯಲ್ಲಿ ಎರಡೂ ಬದಿ ಸಮ. ನ್ಯಾಯಕ್ಕೆ ಈ ಗರಿಯೇ ಯಾಕೆ ಎಂಬುದಕ್ಕೆ ಪುರಾತನರೂ ಕೊಟ್ಟ ಕಾರಣ ಇದು.

ಪಿಂಛಿಯ ಲೆಕ್ಕಾಚಾರ

ಗರಿಯ ಬಗ್ಗೆ ಅತ್ಯಂತ ಕಟ್ಟುನಿಟ್ಟಾಗಿ ಯೋಚಿಸಿದವರು ದಿಗಂಬರ ಜೈನರು. ಬಟ್ಟೆಯನ್ನೂ ತೊರೆದ ಮುನಿಯ ಬಳಿ ಉಳಿಯುವುದು ಕಮಂಡಲು, ಶಾಸ್ತ್ರ ಮತ್ತು ನವಿಲುಗರಿಯ ಪಿಂಛಿ. ಕೂರುವ ಮುನ್ನ, ಮಲಗುವ ಮುನ್ನ, ಪುಸ್ತಕ ಇಡುವ ಮುನ್ನ ಆ ಜಾಗವನ್ನು ಪಿಂಛಿಯಿಂದ ಮೆಲ್ಲಗೆ ಸವರುತ್ತಾರೆ. ಅಲ್ಲಿ ಇರುವೆಯೋ ಕಣ್ಣಿಗೆ ಕಾಣದ ಹುಳವೋ ಇದ್ದರೆ ಪಕ್ಕಕ್ಕೆ ಸರಿಯಲಿ ಎಂದು. ಶ್ರವಣಬೆಳಗೊಳದಲ್ಲಿ ಮುನಿಗಳ ದರ್ಶನಕ್ಕೆ ಹೋದವರ ತಲೆಯನ್ನು ಆಶೀರ್ವಾದವಾಗಿ ಮುಟ್ಟುವುದೂ ಇದೇ ಗರಿ.

ಗರಿಯೇ ಏಕೆ ಎಂಬ ಪ್ರಶ್ನೆಗೆ ಹಳೆಯ ಆಚಾರಗ್ರಂಥ ‘ಮೂಲಾಚಾರ’ ಐದು ಗುಣಗಳನ್ನು ಕೊಡುತ್ತದೆ: ಧೂಳು ಹಿಡಿಯುವುದಿಲ್ಲ, ಬೆವರು ಹಿಡಿಯುವುದಿಲ್ಲ, ಮೃದು, ಸುಕುಮಾರ, ಹಗುರ. ಬಣ್ಣದ ಮಾತೇ ಇಲ್ಲ! ಲೋಕವೆಲ್ಲ ಮರುಳಾದ ಆ ನೀಲಿ-ಹಸಿರು ಮುನಿಗೆ ಲೆಕ್ಕಕ್ಕೇ ಬರುವುದಿಲ್ಲ. ಹುಳುವಿನ ಮೈಗೆ ತಾಗಿದರೆ ನೋಯದಿರುವುದು ಮುಖ್ಯ.

ನವಿಲುಗರಿ ಸಿಗದ ಕಾಲದ ನೆನಪೂ ಈ ಪರಂಪರೆಯಲ್ಲಿದೆ. ‘ತತ್ತ್ವಾರ್ಥಸೂತ್ರ’ ರಚಿಸಿದ ಉಮಾಸ್ವಾತಿಗಳಿಗೆ ಗೃಧ್ರಪಿಂಛಾಚಾರ್ಯ ಎಂಬ ಹೆಸರಿದೆ. ಪ್ರಾಣಿರಕ್ಷಣೆಯ ಎಚ್ಚರದಿಂದ ಅವರು ರಣಹದ್ದಿನ ಗರಿ ಹಿಡಿದರು ಎಂದು ಶ್ರವಣಬೆಳಗೊಳದ ಶಾಸನವೊಂದು ಹೇಳುತ್ತದೆ. ಅವರ ಶಿಷ್ಯರು ಬಲಾಕಪಿಂಛ, ಅಂದರೆ ಕೊಕ್ಕರೆಯ ಗರಿಯವರು. ಹಕ್ಕಿ ಯಾವುದಾದರೂ ಇರಲಿ, ವ್ರತ ತಪ್ಪಬಾರದು.

ಇನ್ನು ಗರಿ ಬರುವ ದಾರಿ. ಗಂಡು ನವಿಲು ಪ್ರತಿ ವರ್ಷ ತನ್ನ ಜಾಲರಿಯ ಗರಿಗಳನ್ನೆಲ್ಲ ಉದುರಿಸುತ್ತದೆ. ಮಳೆಗಾಲ ಅರ್ಧ ಕಳೆದ ಮೇಲೆ, ಆಗಸ್ಟ್ ಹೊತ್ತಿಗೆ ಶುರುವಾಗುವ ಕೆಲಸ ಅದು. ಒಂದೊಂದು ಹಕ್ಕಿ ಬಿಡುವ ಗರಿ ಸುಮಾರು 150. ಮುನಿಗಳು ಒಂದೇ ಊರಿನಲ್ಲಿ ತಂಗುವ ಚಾತುರ್ಮಾಸವೂ ಅದೇ ಋತುವಿನದು. ಅದು ಮುಗಿದಾಗ ‘ಪಿಂಛಿ ಪರಿವರ್ತನೆ’ ನಡೆಯುತ್ತದೆ. ಶ್ರಾವಕರು ಹೊಸ ಪಿಂಛಿ ಅರ್ಪಿಸುತ್ತಾರೆ, ವ್ರತ-ನಿಯಮ ಹಿಡಿದ ಗೃಹಸ್ಥರಿಗೆ ಹಳೆಯದು ಸಲ್ಲುತ್ತದೆ. ನವಿಲಿನ ಪಂಚಾಂಗಕ್ಕೂ ಮುನಿಯ ಪಂಚಾಂಗಕ್ಕೂ ಇಷ್ಟು ಚೆನ್ನಾಗಿ ತಾಳೆಯಾಗುವುದರಿಂದ ಹಕ್ಕಿಗೆ ಕೈ ಹಚ್ಚುವ ಪ್ರಮೇಯವೇ ಬರುವುದಿಲ್ಲ.

ಕೃಷ್ಣನ ಮುಡಿ, ಸುಬ್ರಹ್ಮಣ್ಯನ ಕಾವಡಿ, ದರ್ಗಾದಲ್ಲಿ ಮಕ್ಕಳ ತಲೆ ಸವರುವ ಫಕೀರರ ಗರಿಕಟ್ಟು, ಪುಸ್ತಕದ ನಡುವೆ ಇಟ್ಟರೆ ಮರಿ ಹಾಕುತ್ತದೆಂದು ಮಕ್ಕಳು ಬಚ್ಚಿಡುವ ಗರಿ, ಇವೆಲ್ಲಕ್ಕೂ ಆಧಾರ ನವಿಲಿನ ಈ ವಾರ್ಷಿಕ ಔದಾರ್ಯವೇ.

ಕಿತ್ತುಕೊಂಡಾಗ

ಎಲ್ಲ ಹಕ್ಕಿಗೂ ಈ ಭಾಗ್ಯವಿಲ್ಲ. 1779ರ ಜನವರಿಯಲ್ಲಿ ಹವಾಯಿಯ ಅರಸ ಕಲನಿಓಪುಉ ತಾನು ತೊಟ್ಟಿದ್ದ ಗರಿಯ ಮೇಲಂಗಿಯನ್ನೇ ತೆಗೆದು ಕ್ಯಾಪ್ಟನ್ ಕುಕ್‌ಗೆ ಹೊದಿಸಿದ. ಅದರಲ್ಲಿರುವುದು ಸುಮಾರು 20,000 ಹಕ್ಕಿಗಳ ಸುಮಾರು 40 ಲಕ್ಷ ಪುಟ್ಟ ಗರಿಗಳೆಂದು ಅಂದಾಜು. ಹಕ್ಕಿ ಹಿಡಿಯುವ ನುರಿತವರೇ ಅಲ್ಲಿದ್ದರು. ಕಪ್ಪು ಮೈಯ ‘ಮಾಮೊ’, ‘ಓಓ’ ಹಕ್ಕಿಗಳನ್ನು ಅಂಟಿನಿಂದ ಹಿಡಿದು, ಕೆಲವೇ ಹಳದಿ ಗರಿ ಕಿತ್ತು ಬಿಟ್ಟುಬಿಡುತ್ತಿದ್ದರು ಎಂಬ ಮಾತೂ ಇದೆ. ಆಮೇಲೆ ಕೋವಿ ಬಂತು, ಕಾಡು ಕರಗಿತು, ಹೊರಗಿನಿಂದ ಬಂದ ಸೊಳ್ಳೆ ರೋಗ ಹರಡಿತು. ಮಾಮೊ ಇಲ್ಲ, ಹವಾಯಿಯ ಓಓ ಇಲ್ಲ. ಇಂಗ್ಲೆಂಡ್, ನ್ಯೂಜಿಲೆಂಡ್ ಸುತ್ತಿದ ಆ ಮೇಲಂಗಿ 2016ರಲ್ಲಿ ಹೊನೊಲುಲುವಿನ ಬಿಷಪ್ ಮ್ಯೂಸಿಯಂಗೆ ಮರಳಿತು. ಅಂಥದ್ದೇ ಇನ್ನೊಂದನ್ನು ಹೊಲಿಯಬೇಕೆಂದರೆ ಹಳದಿ ಗರಿ ಕೊಡುವ ಹಕ್ಕಿಯೇ ಉಳಿದಿಲ್ಲ.

ಯುರೋಪಿನ ಶೋಕಿ ಇನ್ನೂ ಕ್ರೂರ. ಬೆಳ್ಳಕ್ಕಿಗಳಿಗೆ ಆ ನವಿರಾದ ಗರಿ ಮೂಡುವುದು ಗೂಡು ಕಟ್ಟುವ ಕಾಲದಲ್ಲಿ. ಹೆಂಗಸರ ಹ್ಯಾಟಿಗೆಂದು ಅವನ್ನು ಗೂಡಿನ ಬಳಿಯೇ ಕೊಂದರೆ ಮರಿಗಳೂ ಹಸಿದು ಸಾಯುತ್ತಿದ್ದವು. ಇದನ್ನು ಸಹಿಸದ ಎಮಿಲಿ ವಿಲಿಯಮ್ಸನ್ 1889ರಲ್ಲಿ ಮ್ಯಾಂಚೆಸ್ಟರ್ ಬಳಿ ಕಟ್ಟಿದ ಹೆಂಗಸರ ಪುಟ್ಟ ಗುಂಪೇ ಮುಂದೆ ಬ್ರಿಟನ್ನಿನ ದೊಡ್ಡ ಪಕ್ಷಿ ಸಂರಕ್ಷಣಾ ಸಂಸ್ಥೆಯಾಯಿತು. ಭಾರತದಿಂದ ಗರಿ ರಫ್ತಿಗೆ 1902ರಲ್ಲೇ ತಡೆ ಬಿದ್ದಿತ್ತು. ಬ್ರಿಟನ್ ಆಮದು ನಿಲ್ಲಿಸಿದ್ದು 1921ರ ಕಾಯ್ದೆಯಿಂದ.

ನಮ್ಮ ದಾಂಡೇಲಿಯ ಕಾಡಿನಲ್ಲಿ ಕಾಣುವ ಮಂಗಟ್ಟೆ ಹಕ್ಕಿಯದೂ ಇದೇ ಸಂಕಟ. ಹೆಣ್ಣು ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳಿನಿಂದ ಗಂಡು ಹಣ್ಣು ಉಣಿಸುತ್ತದೆ. ಗಂಡನ್ನು ಹೊಡೆದರೆ ಒಳಗಿನ ತಾಯಿ, ಮರಿಗಳ ಅನ್ನವೂ ನಿಂತಿತು. ನಾಗಾಲ್ಯಾಂಡಿನಲ್ಲಿ ಇದರ ಬಾಲದ ಗರಿ ವೀರನ ಶಿರೋಭೂಷಣ. ಅರುಣಾಚಲದ ನಿಶಿ ಜನರ ಟೋಪಿಗೆ ಇದರ ಕೊಕ್ಕು ಶೋಭೆ. ಬೇಟೆಯಿಂದ ಹಕ್ಕಿ ಕಡಿಮೆಯಾದಾಗ ನಿಶಿಗಳು ಫೈಬರ್‌ಗ್ಲಾಸ್ ಕೊಕ್ಕನ್ನು ಒಪ್ಪಿಕೊಂಡರು. ಟೋಪಿಯ ಗೌರವ ಅದರಿಂದ ಕುಂದಲಿಲ್ಲ. ಪಕ್ಕೆ ಅರಣ್ಯದ ಸುತ್ತಲಿನ ಹಳ್ಳಿಗರೇ ಇಂದು ಗೂಡುಗಳ ಕಾವಲಿಗಿದ್ದಾರೆ.

ಕಾನೂನಿನ ನಂಬಿಕೆ

ನವಿಲು 1963ರಿಂದ ನಮ್ಮ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿರುವ ಈ ಹಕ್ಕಿಯನ್ನು ಕೊಂದರೆ ಜೈಲು. ಆದರೆ ಅದರ ಬಾಲದ ಗರಿಯನ್ನು ದೇಶದೊಳಗೆ ಇಟ್ಟುಕೊಳ್ಳಲು, ಮಾರಲು ಅದೇ ಕಾಯ್ದೆ ವಿನಾಯಿತಿ ಕೊಟ್ಟಿದೆ. ರಫ್ತಿಗೆ ಮಾತ್ರ ಅವಕಾಶವಿಲ್ಲ. ಜನ ಗರಿ ಉದುರುವ ತನಕ ಕಾಯುತ್ತಾರೆ ಎಂಬ ಹಳೆಯ ರೂಢಿಯ ಮೇಲೆ ಶಾಸನ ಇಟ್ಟ ನಂಬಿಕೆ ಅದು. ಸಿಗ್ನಲ್ಲುಗಳಲ್ಲಿ, ಜಾತ್ರೆಗಳಲ್ಲಿ ಕಂತೆಗಟ್ಟಲೆ ಗರಿ ಮಾರಾಟವಾಗುವಾಗ, ಮದುವೆ ಮಂಟಪದ ಅಲಂಕಾರಕ್ಕೆ ನೂರಾರು ಗರಿ ಬೇಕೆನ್ನುವಾಗ ಆ ನಂಬಿಕೆಗೇ ಪರೀಕ್ಷೆ. ನವಿಲು ಉದುರಿಸುವುದು ವರ್ಷಕ್ಕೊಮ್ಮೆ. ನಮ್ಮ ಬೇಡಿಕೆ ಅದನ್ನು ಮೀರಿದ ದಿನ ವಿನಾಯಿತಿಯನ್ನು ಸರ್ಕಾರ ಹಿಂತೆಗೆದುಕೊಂಡರೆ ದೂರಲು ನಮಗೆ ಬಾಯಿರುವುದಿಲ್ಲ.